ಟ್ಯಾಂಕಿಗೆ ಮದುಮಗಳ ಸ್ಪ್ರೇ

ಜೂನ್ 1, ಭಾನುವಾರ

ನನ್ನ ಬ್ಯೂಟಿ ಪಾರ್ಲರಿಗೆ ಕ್ರೀಮು, ಶಾಂಪೂ ತಂದುಕೊಡುವವನು ವರ್ಷದ ಮೊದಲಲ್ಲಿ ಪುಕ್ಕಟೆಯಾಗಿ ಕೊಟ್ಟ ಡೈರಿ ಇದು. ಇಷ್ಟು ದಿನ ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಕಾರಣ ಇಷ್ಟೇ, ನನಗೆ ಮಾತಾಡದೆ ಇರಲು ಆಗುವುದಿಲ್ಲ, ಮನೆಯಲ್ಲಿರುವ ಇನ್ನೊಬ್ಬರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಗೋಡೆ ಜೊತೆ ಮಾತಾಡಿದರೆ ಪಕ್ಕದ ಮನೆಯವರು ಏನಂದುಕೊಂಡಾರು?

ಇವರಿಗೆ ಟ್ಯಾಂಕಿನ ಹುಚ್ಚು. ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು, ಅಂಗೈ ಮೇಲೆ ಕೂರುವಂಥದ್ದು. ಡಬ್ಬಿಯಲ್ಲಿ ಪ್ಲಾಸ್ಟಿಕ್ ತುಂಡುಗಳಾಗಿ ಬರುತ್ತದೆ. ಅದನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಚೆಂದದ ಬಣ್ಣ ಹೊಡೆಯುವುದು. ಆಮೇಲೆ ಆ ಚೆಂದದ ಬಣ್ಣವನ್ನೇ ಕೆರೆದು, ತುಕ್ಕು ಹಚ್ಚಿ, ಕೆಸರು ಬಳಿದು ಹಾಳು ಮಾಡುವುದು! ಇದಕ್ಕೆ ಇವರ ಗುಂಪಿನಲ್ಲಿ 'ಹಳತು ಮಾಡೋದು' ಅನ್ನುತ್ತಾರೆ. ನಾನೋ, ಮುಖದ ಮೇಲಿನ ಕಲೆ ಮುಚ್ಚಿ ಹೊಟ್ಟೆ ಹೊರೆದುಕೊಂಡವಳು. ಇಬ್ಬರನ್ನೂ ಒಂದೇ ಮನೆಯಲ್ಲಿ ಕೂಡಿಹಾಕಿದವರಿಗೆ ಒಂದು ದೊಡ್ಡ ನಮಸ್ಕಾರ.

ಬೆಳಿಗ್ಗೆ ಇವರು ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿಕೊಂಡು ಕೂತಿದ್ದರು. ಚಿಮಟದ ತುದಿಯಲ್ಲಿ ಟ್ಯಾಂಕಿನ ಮುಂದಿನ ದೀಪ, ಗುಂಡುಸೂಜಿಯ ತಲೆಗಿಂತ ಸ್ವಲ್ಪ ದಪ್ಪ. ಅಂಟಿಸುವ ಜಾಗದ ಹತ್ತಿರ ತರುತ್ತಾರೆ, ಕೈ ಗಡಗಡ ನಡುಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕಡೆಗೆ ದೀಪ ಚಂಗನೆ ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಯಿತು. ನಾನು ಮಂಡಿಯೂರಿ, ಪೊರಕೆಯ ಹಿಡಿ ತೂರಿಸಿ, ದೂಳಿನ ಜೊತೆ ಅದನ್ನೂ ಎಳೆದು ತೆಗೆದೆ. ತಲೆ ಎತ್ತಿ ನೋಡಿದರೆ ಇವರ ಬಲಗೈ ಆಗಲೇ ಪ್ಯಾಂಟಿನ ಜೇಬು ಸೇರಿತ್ತು.

"ಬಿಡು. ಜುಲೈನಲ್ಲಿ ಮಾಡೆಲ್ ಪ್ರದರ್ಶನ ಮುಗೀಲಿ. ಮಾರನೇ ದಿನ ವ್ಯಾನ್ ತಗೊಂಡು ಬಾ ಅಂತ ಕೆಸರಪ್ಪನಿಗೆ ಹೇಳಿದೀನಿ. ಟ್ಯಾಂಕಿನ ಸಾಮಾನೆಲ್ಲ ಬೀರು ಸಮೇತ ಅವನಿಗೇ" ಅಂದರು. ಕೆಸರಪ್ಪ ಇವರ ಟ್ಯಾಂಕಿನ ಗುಂಪಿನವನು.

ಬೀರು ಖಾಲಿಯಾದರೆ ಪಾರ್ಲರಿನ ಟವೆಲ್ಲುಗಳನ್ನು ಜೋಡಿಸಬಹುದು. ಒಳ್ಳೆಯದೇ ಆಯಿತು. ನಿಜಕ್ಕೂ ಒಳ್ಳೆಯದೇ ಆಯಿತು.

ಎರಡು ಸಲ ಯಾಕೆ ಬರೆದೆನೋ ಗೊತ್ತಿಲ್ಲ.

ಜೂನ್ 3, ಮಂಗಳವಾರ

ಇವರು ಲ್ಯಾಬಿನಲ್ಲಿ ರಕ್ತ ತೆಗೆಯುವವರು. ಇವರ ಕೈಯಲ್ಲಿ ಸೂಜಿ ಇದ್ದರೆ ಮಕ್ಕಳು ಅಳುತ್ತಿರಲಿಲ್ಲ. 'ಆ ಸರ್ ಬಂದಮೇಲೆ ಚುಚ್ಚಿಸ್ಕೋತೀನಿ' ಅಂತ ಕಾಯುವವರಿದ್ದರು. ಈಗ ಇವರನ್ನು ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೂರಿಸಿದ್ದಾರೆ. ಒಬ್ಬ ಹೆಂಗಸು ಇವರ ಕೈ ನೋಡಿ ತನ್ನ ತೋಳನ್ನು ಎಳೆದುಕೊಂಡಳಂತೆ. ಅವತ್ತಿನಿಂದ ಮನೆಯಲ್ಲಿ 'ಹೂಂ', 'ಉಹೂಂ' ಬಿಟ್ಟರೆ ಮೂರನೇ ಮಾತಿಲ್ಲ.

ಜೀವಕ್ಕೇನೂ ತೊಂದರೆ ಇಲ್ಲ ಅಂದಿದ್ದಾರೆ ಡಾಕ್ಟರು. ಸುಮ್ಮನಿದ್ದರೆ ಕೈಯೂ ಸುಮ್ಮನಿರುತ್ತದೆ, ಕೆಲಸಕ್ಕೆ ಇಳಿದರೆ ನಡುಗುತ್ತದೆ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಇಷ್ಟೇ.

ಬಟ್ಟೆ ಒಣಹಾಕುವಾಗ ನೋಡಿದೆ, ಇವರ ಎಲ್ಲ ಪ್ಯಾಂಟುಗಳ ಬಲಜೇಬೂ ಜೋತುಬಿದ್ದಿದೆ. ಸದಾ ಕೈ ತುರುಕಿಕೊಂಡಿದ್ದರೆ ಇನ್ನೇನಾಗುತ್ತದೆ?

ಜೂನ್ 8, ಭಾನುವಾರ

ಅಬ್ಬಬ್ಬಾ, ಎಂಥ ದಿನ! ಪೆನ್ನು ಓಡುತ್ತಿಲ್ಲ, ನಾನೇ ಓಡುತ್ತಿದ್ದೇನೆ.

ಇವರ ಗುಂಪು ಪ್ರತಿ ಭಾನುವಾರ ಹಲ್ಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರುತ್ತದೆ. ಭಾನುವಾರ ಪೇಷೆಂಟುಗಳಿಲ್ಲ, ಒಳ್ಳೆಯ ದೀಪ ಇದೆ, ಸಣ್ಣ ಸಣ್ಣ ಉಪಕರಣಗಳಿಗೆ ಬರವಿಲ್ಲ. ಇವರು ಹೋಗಲೊಲ್ಲೆ ಅಂದರು. 'ಬರಲ್ಲ ಅಂತ ಹೇಳಿ, ಇದನ್ನ ಕೊಟ್ಟು ಬಾ' ಅಂತ ಅಂಟಿನ ಬಾಟಲಿ ಕೊಟ್ಟು ಕಳಿಸಿದರು. ಕೊಟ್ಟು ಬರೋಣ ಅಂತ ಹೋದವಳು ಸಂಜೆ ವಾಪಸ್ಸು ಬಂದೆ!

ಅಲ್ಲಿರುವುದು ಮೂರು ಜನ. ಹಲ್ಲು ಡಾಕ್ಟರು ನನಗಿಂತ ಚಿಕ್ಕವಳು, ಕೂದಲು ಎತ್ತಿ ಕಟ್ಟಿಕೊಂಡು ಟ್ಯಾಂಕಿನ ಚಕ್ರಗಳನ್ನು ಹಲ್ಲುಜ್ಜಿದ ಹಾಗೆ ಉಜ್ಜುತ್ತಿದ್ದಳು. ರೋಗಿಗಳು ಒರಗುವ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದವರು ರಿವೆಟ್ ಮಾಮ, ನಿವೃತ್ತ ಲೆಕ್ಕಪರಿಶೋಧಕರು. ಟ್ಯಾಂಕಿನ ತಗಡಿನ ಮೇಲಿರುವ ರಿವೆಟ್ಟುಗಳನ್ನು, ಅಂದರೆ ಮೊಳೆತಲೆಗಳನ್ನು, ಭೂತಗನ್ನಡಿ ಹಿಡಿದು ಎಣಿಸುತ್ತಾರೆ, ಒಂದು ಕಡಿಮೆಯಿದ್ದರೂ ಬಿಡುವವರಲ್ಲ. ಮೂರನೆಯವನು ಕೆಸರಪ್ಪ. ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ. ಅವನ ಕೈಗೆ ಯಾವ ಟ್ಯಾಂಕು ಕೊಟ್ಟರೂ ಕುತ್ತಿಗೆವರೆಗೆ ಕೆಸರಿನಲ್ಲಿ ಮುಳುಗಿಸಿ ವಾಪಸ್ಸು ಕೊಡುವುದರಿಂದ ಆ ಹೆಸರು.

ಈ ಸಲದ ಪ್ರದರ್ಶನಕ್ಕೆ ನಾಲ್ಕು ಜನ ಸೇರಿ ಒಂದೇ ಮೇಜು ಮಾಡುತ್ತಿದ್ದಾರೆ. ಒಂದು ದುರಸ್ತಿ ಅಂಗಳ, ಅದರೊಳಕ್ಕೆ ಸಾಲಾಗಿ ಬರುತ್ತಿರುವ ನಾಲ್ಕು ಟ್ಯಾಂಕುಗಳು. ಯೋಚನೆ ಇವರದ್ದೇ ಅಂತೆ. 'ಗೆದ್ದ ಟ್ಯಾಂಕು ಬೇಡ, ವಾಪಸ್ ಬಂದ ಟ್ಯಾಂಕು ಮಾಡೋಣ' ಅಂದಿದ್ದರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಸಾಲಿನ ಮೊದಲನೆಯದು ಇವರದ್ದು, ಅದೇ ಖಾಲಿ.

"ಅತ್ತಿಗೆ, ಅಣ್ಣ ಟ್ಯಾಂಕ್ ತರದೇ ಇದ್ರೆ ನಮ್ಮ ಮೇಜು ಮುಂದಿನ ಹಲ್ಲು ಬಿದ್ದ ಹಾಗೆ ಕಾಣುತ್ತೆ" ಅಂದ ಕೆಸರಪ್ಪ.

"ಹಲ್ಲಿನ ವಿಷಯ ನನಗೆ ಬಿಡಿ" ಅಂದಳು ಡಾಕ್ಟರು. ಎಲ್ಲರೂ ನಕ್ಕರು, ಆದರೆ ನಗು ಬೇಗ ನಿಂತಿತು.

ಅಷ್ಟರಲ್ಲಿ ಕೆಸರಪ್ಪ ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಷ್ ಹಿಡಿದು ಪುಸ್ ಪುಸ್ ಅನ್ನಿಸತೊಡಗಿದ. ಅವನು ಹಿಡಿದ ರೀತಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಮದುಮಗಳ ಮುಖಕ್ಕೆ ನಾನು ಬಣ್ಣ ಕೂರಿಸುವುದು ಅದೇ ಏರ್‌ಬ್ರಷ್ಷಿನಲ್ಲಿ! "ಹಾಗಲ್ಲ ಕಣಪ್ಪಾ, ಮೊದಲು ಗಾಳಿ, ಆಮೇಲೆ ಬಣ್ಣ, ಕೈ ನಿಲ್ಲಬಾರದು" ಅಂತ ಕಿತ್ತುಕೊಂಡೆ. ಎರಡು ಸುತ್ತು ಹೊಡೆದೆ. ರಿವೆಟ್ ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. "ತಾಯಿ, ಇಷ್ಟು ದಿನ ಎಲ್ಲಿದ್ದೆ ನೀನು?"

ನೆಲಕ್ಕೆ ಕಾಲು ತಾಗಲಿಲ್ಲ ನನಗೆ. ಇವರ ಟ್ಯಾಂಕನ್ನು ನಾನೇ ಮುಗಿಸಿಕೊಡುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ.

ಇವರಿಗೆ ಹೇಳಿದೆ. "ಹೂಂ" ಅಂದರು.

ಜೂನ್ 10, ಮಂಗಳವಾರ

ಮೇಕಪ್ ಪೆಟ್ಟಿಗೆಯಲ್ಲಿ ಟ್ಯಾಂಕಿಗೆ ಬೇಕಾದ್ದು ಏನಿಲ್ಲ ಹೇಳಿ! ಕಣ್ಣಿಗೆ ಹಚ್ಚುವ ಕಂದು ಪುಡಿ ದೂಳಾಯಿತು. ಹುಬ್ಬಿನ ಬ್ರಷ್ಷು ಸಂದಿಗೊಂದಿಗೆ ಆಯಿತು. ಫೌಂಡೇಶನ್ನಿನ ಸ್ಪಂಜು, ಹತ್ತಿ ಕಡ್ಡಿ, ಚಿಮಟ, ಎಲ್ಲ ಇದೆ. ಇವರ ಬೀರುವಿನಲ್ಲಿ ಅದೇ ಸಾಮಾನು ಬೇರೆ ಹೆಸರಿನಲ್ಲಿ ಮೂರು ಪಟ್ಟು ಬೆಲೆಗೆ ಕೂತಿದೆ. ಇವರೇ ನನ್ನ ಪೆಟ್ಟಿಗೆಯಿಂದ ಕದ್ದಿದ್ದರೂ ನಾನು ಬೈಯುತ್ತಿರಲಿಲ್ಲ. ಸರಿ, ಬೈಯುತ್ತಿದ್ದೆ.

ಫ್ರಿಜ್ಜಿನ ಅಡಿಗೆ ಹೋಗಿದ್ದ ದೀಪವನ್ನು ಒಂದೇ ಏಟಿಗೆ ಅಂಟಿಸಿದೆ. ಫಿರಂಗಿಯ ಕೊಳವೆ ಕೂರಿಸಿದೆ. ಮೇಲಿನ ಗೋಪುರ ತಿರುಗುತ್ತದೆ! ಇವರ ಕಡೆಗೇ ಫಿರಂಗಿ ತಿರುಗಿಸಿ "ಢಂ" ಅಂದೆ. ತುಟಿಯ ಒಂದು ಕೊನೆ ಸ್ವಲ್ಪ ಅಲ್ಲಾಡಿತು. ಆಮೇಲೆ ಎದ್ದುಹೋದರು.

ಜೂನ್ 12, ಗುರುವಾರ

ಪಟ್ಟಿಯ ಕೊಂಡಿಗಳನ್ನು ಒಂದಕ್ಕೊಂದು ಸೇರಿಸುತ್ತಿದ್ದೆ. ಟ್ಯಾಂಕಿನ ಚಕ್ರದ ಸುತ್ತ ಸುತ್ತುವ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದು. ಇವರು ಹಿಂದೆ ಬಂದು ನಿಂತರು. "ಅದನ್ನಾದರೂ ನಾನು ಸೇರಿಸಲಾ?"

"ನೀವು ಆರಾಮಾಗಿ ಕೂತ್ಕೊಳ್ಳಿ. ನಾನು ಮಾಡ್ತೀನಿ" ಅಂದೆ. ಪಾಪ, ಯಾಕೆ ಸುಮ್ಮನೆ ತೊಂದರೆ ತಗೊಳ್ಳಬೇಕು.

ಎರಡೂ ಪಟ್ಟಿ ಮುಗಿಯಿತು. ಕತ್ತು ನೋವು. ಖುಷಿಯೋ ಖುಷಿ.

ಜೂನ್ 15, ಭಾನುವಾರ

ಹಸಿರು ಬಣ್ಣ ಹೊಡೆದು, ಸ್ಪಂಜಿನಿಂದ ಬಣ್ಣ ಎದ್ದುಹೋದ ಗುರುತುಗಳನ್ನು ಮೂಡಿಸಿ, ಮದುಮಗಳನ್ನು ಮಂಟಪಕ್ಕೆ ಕರೆದೊಯ್ದ ಹಾಗೆ ಟ್ಯಾಂಕನ್ನು ಕ್ಲಿನಿಕ್ಕಿಗೆ ಹೊತ್ತೊಯ್ದೆ. ರಿವೆಟ್ ಮಾಮ ಭೂತಗನ್ನಡಿ ಹಿಡಿದು ನೋಡಿದರು. ಇನ್ನೊಂದು ಸುತ್ತು ನೋಡಿದರು.

"ತಾಯಿ, ಬೇಜಾರು ಮಾಡ್ಕೋಬೇಡ. ಇದು ಯುದ್ಧದಿಂದ ಬರ್ತಿರೋ ಟ್ಯಾಂಕೋ, ಫೋಟೋ ತೆಗೆಸ್ಕೊಳ್ಳೋಕೆ ಹೊರಟಿರೋ ಟ್ಯಾಂಕೋ?"

ಸಿಟ್ಟು ನೆತ್ತಿಗೇರಿತು. ಆಮೇಲೆ ನಾನೂ ಕನ್ನಡಕ ಹಾಕಿ ನೋಡಿದೆ. ಎಡಗಡೆ ಐದು ಗುರುತು, ಬಲಗಡೆ ಐದು ಗುರುತು. ಅಳತೆ ಹಿಡಿದ ಹಾಗೆ ಸಮ ಅಂತರ. ಒಂದು ಕಡೆ ದೊಡ್ಡದಾಗಿ ಬಿದ್ದುಬಿಟ್ಟಿದ್ದನ್ನು ನಾನೇ ಮತ್ತೆ ಹಸಿರು ಹಚ್ಚಿ ತಿದ್ದಿದ್ದೇನೆ! ಎರಡು ಹುಬ್ಬೂ ಒಂದೇ ಸಮ ಇರಬೇಕು ಅಂತ ಪಳಗಿದ ಕೈ ಇದು, ನಾನೇನು ಮಾಡಲಿ? ನನಗೇ ನಗು ತಡೆಯಲಾಗಲಿಲ್ಲ. ಕೆಸರಪ್ಪ "ನನಗೆ ಕೊಡಿ ಅತ್ತಿಗೆ, ಮುಳುಗಿಸ್ತೀನಿ, ಏನೂ ಕಾಣಲ್ಲ" ಅಂದ. ಕೊಡಲಿಲ್ಲ.

ಜೂನ್ 24, ಮಂಗಳವಾರ

ಒಳ್ಳೆ ಸುದ್ದಿ. ಇವರು ಸಂಜೆ ವಾಕಿಂಗ್ ಶುರುಮಾಡಿದ್ದಾರೆ! ನಾನು ಮೇಜಿನ ಮೇಲೆ ಪೇಪರು ಹಾಸಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ, ನಾನು ಎಲ್ಲ ಎತ್ತಿಟ್ಟ ಮೇಲೆ ಬರುತ್ತಾರೆ. ಆರೋಗ್ಯದ ಮೇಲೆ ಗಮನ ಬಂತಲ್ಲ, ಸದ್ಯ. ಮಾತಾಡುವುದಿಲ್ಲ, ಆದರೆ ಮುಖ ಶಾಂತವಾಗಿದೆ.

ಗುರುತುಗಳನ್ನು ಅಳಿಸಿ ಮತ್ತೆ ಮಾಡಿದೆ. ಕಣ್ಣು ಮುಚ್ಚಿಕೊಂಡು ಸ್ಪಂಜು ಒತ್ತಿದೆ. ಕಣ್ಣು ತೆರೆದರೆ ಮತ್ತೆ ಸಮ! ನನ್ನ ಕೈಗೆ ಏನು ಮಂಕುಬೂದಿ ಎರಚಿದ್ದಾರೋ.

ಪಾರ್ಲರಿನಲ್ಲಿ ಇವತ್ತು ಒಬ್ಬಾಕೆಯ ಕೆನ್ನೆಯ ಮೇಲೆ ಮೊಡವೆ ಕಲೆ ಇತ್ತು. 'ಎಷ್ಟು ಸಹಜವಾಗಿದೆ, ಒಂದರ ಹಾಗೆ ಇನ್ನೊಂದಿಲ್ಲ' ಅಂದುಬಿಟ್ಟೆ. ಆಕೆ ಇನ್ನು ನನ್ನ ಪಾರ್ಲರಿಗೆ ಕಾಲಿಡಲಿಕ್ಕಿಲ್ಲ.

ಜೂನ್ 29, ಭಾನುವಾರ

ಹಲ್ಲು ಡಾಕ್ಟರು ಹೊಸ ದಾರಿ ಹೇಳಿಕೊಟ್ಟಳು. ಮೊದಲು ಟ್ಯಾಂಕಿಗೆಲ್ಲ ತುಕ್ಕಿನ ಬಣ್ಣ. ಅದರ ಮೇಲೆ ಹೇರ್‌ಸ್ಪ್ರೇ. ಹೌದು, ಕೂದಲಿಗೆ ಹೊಡೆಯುವ ಅದೇ ಹೇರ್‌ಸ್ಪ್ರೇ! ಅದರ ಮೇಲೆ ಹಸಿರು. ಒಣಗಿದ ಮೇಲೆ ನೀರು ತಾಗಿಸಿ ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಸ್ಪ್ರೇ ಕರಗಿ, ಹಸಿರು ತುಂಡು ತುಂಡಾಗಿ ಎದ್ದು, ಕೆಳಗಿನ ತುಕ್ಕು ಇಣುಕುತ್ತದೆ. ಇವಳು ಮಾಡಿ ತೋರಿಸಿದಾಗ ನಾನು ಚಪ್ಪಾಳೆ ತಟ್ಟಿದೆ. ಹೇರ್‌ಸ್ಪ್ರೇ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರಿದ್ದಾರೆ?

"ಮಾಮೂಲಿ ಸ್ಪ್ರೇ ಸಾಕು ಅತ್ತಿಗೆ, ಬೀದಿ ಅಂಗಡೀಲಿ ಸಿಗೋ ಅಂಥದ್ದು" ಅಂದ ಕೆಸರಪ್ಪ. ಮಾಮೂಲಿಯಂತೆ! ನಮ್ಮ ಮನೆ ಟ್ಯಾಂಕಿಗೆ?

ಹೊರಡುವಾಗ ಡಾಕ್ಟರು ಮೆಟ್ಟಿಲವರೆಗೂ ಬಂದಳು. "ಅಕ್ಕಾ, ಸರ್ ಒಂದು ಸಲಾನೂ ಬರಲ್ವಾ? ಎಷ್ಟಂದ್ರೂ ಇದು ಅವರ ಟ್ಯಾಂಕು."

"ಅವರಿಗೆ ಕೈ ಆಗಲ್ವಲ್ಲಮ್ಮಾ. ಅದಕ್ಕೇ ತಾನೆ ನಾನು ಮಾಡ್ತಿರೋದು?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಮನೆಗೆ ಬರುವವರೆಗೂ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ಒಳ್ಳೆಯದು ಮಾಡಿದರೂ ತಪ್ಪು ಹುಡುಕುತ್ತಾರೆ ಜನ.

ಜುಲೈ 5, ಶನಿವಾರ

ತುಕ್ಕಿನ ಬಣ್ಣ ವಾರದ ಮೊದಲೇ ಮುಗಿದಿತ್ತು. ಇವತ್ತು ಬೆಳಿಗ್ಗೆ ಹೇರ್‌ಸ್ಪ್ರೇ. ಪಾರ್ಲರಿನಲ್ಲಿರುವ ಅತ್ಯಂತ ಒಳ್ಳೆಯದು, ಮದುಮಗಳ ಜಡೆಗೆ ಅಂತಲೇ ಎತ್ತಿಟ್ಟದ್ದು. ಎರಡು ಸುತ್ತು ಹೊಡೆದೆ. ಮಧ್ಯಾಹ್ನ ಹಸಿರು. ಆಹಾ, ಏನು ಹೊಳಪು! ನಾಳೆ ಉಜ್ಜುವುದೊಂದೇ ಬಾಕಿ. ನಾಳೆ ಯಾವಾಗ ಬರುತ್ತದೋ!

ಜುಲೈ 6, ಭಾನುವಾರ

ಬೆಳಿಗ್ಗೆ ಎದ್ದವಳೇ ಕ್ಲಿನಿಕ್ಕಿಗೂ ಹೋಗದೆ ಸಿಂಕಿನ ಮುಂದೆ ನಿಂತೆ. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನೀರು ತಾಗಿಸಿದೆ, ಬ್ರಷ್ಷಿನಿಂದ ಉಜ್ಜಿದೆ. ಏನೂ ಇಲ್ಲ. ಬಿಸಿನೀರು ಹಾಕಿದೆ. ಏನೂ ಇಲ್ಲ. ಹಸಿರು ಬಂಡೆಯ ಹಾಗೆ ಕೂತಿದೆ. ಸಿಟ್ಟಿನಿಂದ ಒತ್ತಿ ಉಜ್ಜಿದೆ, ಮೂಲೆಯಲ್ಲಿ ಹಸಿರೂ ಹೋಯಿತು, ತುಕ್ಕೂ ಹೋಯಿತು, ಬೋಳು ಪ್ಲಾಸ್ಟಿಕ್ಕು ಹಲ್ಲು ಕಿರಿಯಿತು. ಒತ್ತಿದರೆ ಪೂರ್ತಿ ಹೋಗುತ್ತದೆ, ಒತ್ತದಿದ್ದರೆ ಅಲ್ಲಾಡುವುದೇ ಇಲ್ಲ. ಪ್ರದರ್ಶನ ಕಣ್ಣೆದುರಿಗಿದೆ. ಮತ್ತೆ ಮೊದಲಿನಿಂದ ಮಾಡಲು ಪುರುಸೊತ್ತೆಲ್ಲಿ?

ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಇವರು ವಾಕಿಂಗ್ ಮುಗಿಸಿ ಬಂದರು, ಬಾಗಿಲಲ್ಲೇ ನಿಂತರು. ನಾನು ಮಾತಾಡದೆ ಕೂತಿದ್ದು ನೋಡಿ ಗಾಬರಿಯಾಗಿರಬೇಕು.

"ಏನಾಯ್ತು?"

ನಾನು ಟ್ಯಾಂಕು ತೋರಿಸಿದೆ. ಇವರು ಸ್ಪ್ರೇ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ, ಹಿಂದೆ ಬರೆದದ್ದನ್ನು ಓದಿದರು. "ದಿನವಿಡೀ ಕುಣಿದರೂ, ಬೆವೆತರೂ, ಅತ್ತರೂ ಕದಲುವುದಿಲ್ಲ." ಇನ್ನೊಂದು ಸಲ ಓದಿದರು. ಹೊಟ್ಟೆಯ ಒಳಗಿನಿಂದ ಏನೋ ಗುಡುಗುಡು ಅಂತ ಬಂತು. ಇವರು ನಗುತ್ತಿದ್ದರು! ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

"ಟ್ಯಾಂಕಿಗೆ ಮದುಮಗಳ ಸ್ಪ್ರೇ ಹೊಡೆದಿದೀಯಲ್ಲೇ! ಇದು ಅತ್ತರೂ ಬಿಡಲ್ಲ ಕಣೇ!"

ಅಲ್ಲಿಯವರೆಗೆ ಅಳು ತಡೆದಿದ್ದೆ. ಅವರು ನಕ್ಕಾಗ ಬಂದೇಬಿಟ್ಟಿತು, ಅಳುತ್ತಲೇ ನಾನೂ ನಕ್ಕೆ.

ನಗು ಮುಗಿದ ಮೇಲೆ ಟ್ಯಾಂಕನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಕರಗಲ್ಲ ಅಂದ್ರೆ ಬಿರುಕು ಬಿಡಿಸ್ಬೇಕು. ಒತ್ತಬಾರದು. ಮೆತ್ತಗೆ ಕುಟ್ತಾನೇ ಇರ್ಬೇಕು."

ಗಿಡ್ಡ ಕೂದಲಿನ ಗಡಸು ಬ್ರಷ್ಷು ತಗೊಂಡು ಕುಟ್ಟಿದೆ. ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸೋತುಹೋಯಿತು, ತಾಳ ತಪ್ಪಿ ಒಂದು ಕಡೆ ಜೋರಾಗಿ ಬಿತ್ತು. ಇವರು ಕುರ್ಚಿ ಎಳೆದುಕೊಂಡರು. ನನ್ನ ಬಾಯಿಗೆ ಅಭ್ಯಾಸ ಆಗಿಹೋಗಿದೆ. "ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ" ಅಂದೆ.

"ಇಲ್ಲ. ನೀನು ಕೂತ್ಕೋ" ಅಂದರು. "ಆ ಬೀದೀಲಿ ಸುತ್ತಿ ಸುತ್ತಿ ಅಲ್ಲಿನ ನಾಯಿಗೂ ನನ್ನ ಮುಖ ನೋಡಿ ಸಾಕಾಗಿದೆ."

ಬಲಗೈ ಜೇಬಿನಿಂದ ಹೊರಗೆ ಬಂತು. ಮೊಣಕೈಯನ್ನು ಮೇಜಿಗೆ ಊರಿ, ಬ್ರಷ್ಷಿನ ತುದಿಯನ್ನು ಟ್ಯಾಂಕಿಗೆ ತಾಗಿಯೂ ತಾಗದ ಹಾಗೆ ಹಿಡಿದರು. ಕೈ ನಡುಗಿತು. ಟಕಟಕಟಕ. ನಿಲ್ಲಿಸಲು ಹೋಗಲಿಲ್ಲ, ಬಿಟ್ಟುಬಿಟ್ಟರು. ಟಕಟಕಟಕ. ಒಂದು ಚಿಕ್ಕ ಹಸಿರು ಚೂರು ಎದ್ದಿತು, ಕೆಳಗೆ ತುಕ್ಕು! ಪಕ್ಕದಲ್ಲಿ ಇನ್ನೊಂದು, ಬೇರೆ ಆಕಾರ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಒಟ್ಟಿಗೆ ಮೂರು. ಒಂದರ ಹಾಗೆ ಇನ್ನೊಂದಿಲ್ಲ!

ನಾನು ಕಿರುಚಿದೆ ಅಂತ ಕಾಣುತ್ತದೆ. ಮೇಲಿನ ಮನೆಯವರು ನೆಲ ತಟ್ಟಿದರು.

ಎಲ್ಲೆಂದರಲ್ಲಿ ಕುಟ್ಟುತ್ತಿರಲಿಲ್ಲ ಇವರು. ಮೇಲಿನ ಮುಚ್ಚಳದ ಅಂಚು, ಅದರಿಂದ ಕೆಳಗಿನ ಮೆಟ್ಟಿಲು, ಪಕ್ಕದ ಹಿಡಿಕೆ. "ಯಾಕೆ ಅಲ್ಲೇ?" ಅಂತ ಕೇಳಿದೆ.

"ಟ್ಯಾಂಕ್ ಓಡಿಸೋ ಹುಡುಗರು ಇಳಿಯೋವಾಗ ಇಲ್ಲಿ ಕಾಲಿಡ್ತಾರೆ, ಇಲ್ಲಿ ಕೈ ಹಿಡೀತಾರೆ. ದಿನಾ ಹತ್ತಿ ಇಳಿದು ಸವೆಯೋದು ಅಲ್ಲೇ. ಗುಂಡೇಟಿಗಿಂತ ಬೂಟಿನಿಂದಲೇ ಜಾಸ್ತಿ ಬಣ್ಣ ಹೋಗೋದು." ಉಸಿರು ತಗೊಂಡು ಹೇಳಿದರು. "ನಿನ್ನ ಕೈ ಎಲ್ಲಿಗೆ ಹೋಗ್ಬೇಕು ಅಂತ ಮೊದಲೇ ಗೊತ್ತು ಮಾಡ್ಕೊಂಡು ಹೋಗುತ್ತೆ. ನನ್ನದಕ್ಕೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ."

ಇಷ್ಟು ಉದ್ದದ ಮಾತು ಇವರ ಬಾಯಿಂದ ಕೇಳಿ ಎಷ್ಟು ಕಾಲವಾಯಿತು! ಊಟ ಮರೆತೆವು. ನಾನು ಟ್ಯಾಂಕು ಹಿಡಿದುಕೊಂಡು ತಿರುಗಿಸಿಕೊಟ್ಟೆ, ಇವರು ಕುಟ್ಟಿದರು. ಸಂತೋಷಕ್ಕೆ ಮತ್ತೆ ಅಳು ಬಂತು ಅಂತಲೇ ಬರೆಯುತ್ತೇನೆ, ಇದನ್ನು ಓದುವವರು ಯಾರಿದ್ದಾರೆ?

ಜುಲೈ 8, ಮಂಗಳವಾರ

ವಾಕಿಂಗ್ ಬಿಟ್ಟುಬಿಟ್ಟಿದ್ದಾರೆ. ಬೈದೆ. ಮೇಜಿನಿಂದ ಏಳುವುದೇ ಇಲ್ಲ. 'ಆ ಪುಡಿ ಕೊಡು', 'ಆ ದೀಪ ಹತ್ತಿರ ತಾ', 'ಅಲ್ಲಿ ಅಲ್ಲ, ಇಲ್ಲಿ ಹಿಡಿ'. ಎಷ್ಟು ಮಾತಾಡುತ್ತಾರಪ್ಪ ಈ ಮನುಷ್ಯ! ಪಾರ್ಲರಿಗೆ ಹೋದರೆ ಸ್ವಲ್ಪ ಮೌನ ಸಿಗುತ್ತದೆ.

ಬರೆಯಲು ಪುರುಸೊತ್ತಿಲ್ಲ. ಇವರು ಕರೆಯುತ್ತಿದ್ದಾರೆ.

ಜುಲೈ 13, ಭಾನುವಾರ

ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಇವರು ಬಾಗಿಲಲ್ಲಿ ಸ್ವಲ್ಪ ತಡೆದರು, ಬಲಗೈ ಜೇಬಿನಲ್ಲಿತ್ತು. ಕೆಸರಪ್ಪ "ಅಣ್ಣಾ!" ಅಂತ ಓಡಿಬಂದು ತಬ್ಬಿಕೊಂಡ, ಅವನ ಕೈಯ ಕೆಸರೆಲ್ಲ ಇವರ ಅಂಗಿಗೆ. ಡಾಕ್ಟರು ನನ್ನ ಕಡೆ ನೋಡಿ ಏನೋ ನಕ್ಕಳು. ಯಾಕೆ ನಕ್ಕಳೋ. ಕುರ್ಚಿ ಒರೆಸಿ ಇವರಿಗೆ ಕೊಟ್ಟಳು.

ರಿವೆಟ್ ಮಾಮ ಭೂತಗನ್ನಡಿ ಎತ್ತಿಕೊಂಡರು. ಟ್ಯಾಂಕನ್ನು ಸುತ್ತ ತಿರುಗಿಸಿ ನೋಡಿದರು.

"ಮೊಳೆತಲೆ ಎಷ್ಟಿದೆ ಅಂತ ಎಣಿಸಕ್ಕೇ ಮರೆತುಹೋಯ್ತು" ಅಂದರು.

ಕ್ಲಿನಿಕ್ಕೆಲ್ಲ ಹೋ ಅಂತ ಕೂಗು! ಅಷ್ಟರಲ್ಲಿ ಇವರು ಟ್ಯಾಂಕು ಎತ್ತಿಡಲು ಹೋಗಿ ಕೈ ತಾಗಿ ಮುಂದಿನ ದೀಪ ಮುರಿಯಿತು. ಅದೇ, ಫ್ರಿಜ್ಜಿನ ಅಡಿಯದು. ಬಲಗೈ ಜೇಬಿನ ಕಡೆ ಹೊರಟಿತು. ನಾನು ಬಾಯಿ ತೆರೆಯುವುದರೊಳಗೆ ರಿವೆಟ್ ಮಾಮ ಸಿಡುಕಿದರು. "ಇರಲಿ ಬಿಡಯ್ಯಾ. ದುರಸ್ತಿಗೆ ಬರೋ ಟ್ಯಾಂಕಿಗೆ ಎರಡೂ ದೀಪ ನೆಟ್ಟಗಿದ್ರೆ ಯಾರು ನಂಬ್ತಾರೆ?" ಇವರು ಮುರಿದ ಜಾಗಕ್ಕೆ ತಾವೇ ತುಕ್ಕು ಹಚ್ಚಿದರು, ಅದೂ ನಡುಗುವ ಕೈಯಲ್ಲೇ, ಎಲ್ಲರ ಮುಂದೆ.

ಬೀರು ಕೊಡುವ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ತಲೆಯೊಳಗೆ ಅದೇ ಕೊರೆಯುತ್ತಿದೆ. ಪ್ರದರ್ಶನ ಮುಗಿದ ಮಾರನೇ ದಿನ ವ್ಯಾನು ಬರುತ್ತದೆ. ಟ್ಯಾಂಕು ಹೋದರೆ ಹೋಗಲಿ, ಈ ಮಾತು, ಈ ನಗು? ಇವರನ್ನು ಕೇಳಲು ಭಯ. 'ಹೂಂ' ಅಂದುಬಿಟ್ಟರೆ?

ಜುಲೈ 20, ಭಾನುವಾರ

ಕಾಲು ಬಿದ್ದುಹೋಗಿದೆ, ಗಂಟಲು ಕಟ್ಟಿದೆ, ಆದರೂ ಬರೆಯದೆ ಇರಲಾರೆ.

ದೊಡ್ಡ ಹಾಲು. ಸಾಲು ಸಾಲು ಮೇಜು. ವಿಮಾನ, ಹಡಗು, ರೈಲು, ಬೊಂಬೆಮನೆ, ಏನಿಲ್ಲ ಕೇಳಿ. ನಮ್ಮ ಅಂಗಳ ಕಿಟಕಿಯ ಪಕ್ಕ. ಕೆಸರಪ್ಪ ನೆಲಕ್ಕೆ ಕೆಸರು ಮಾಡಿದ್ದಾನೆ, ಈ ಸಲ ಚಕ್ರದವರೆಗೆ ಮಾತ್ರ, ರಿವೆಟ್ ಮಾಮ ಅವನಿಂದ ಆಣೆ ಮಾಡಿಸಿಕೊಂಡಿದ್ದರು. ಸಾಲಿನ ಮುಂದೆ ನಮ್ಮ ಟ್ಯಾಂಕು, ಒಂದೇ ಕಣ್ಣಿನ ದೀಪದಲ್ಲಿ ಒಳಗೆ ಬರುತ್ತಿದೆ. ನೋಡಿದರೆ 'ಬಂದೆಯಾ ಮಾರಾಯ, ಕೂತ್ಕೋ' ಅನ್ನಬೇಕು ಅನ್ನಿಸುತ್ತದೆ.

ಜನ ಮುತ್ತಿಕೊಂಡರು. ನಾನು ಬಂದವರಿಗೆಲ್ಲ ವಿವರಿಸಿದ್ದೇ ವಿವರಿಸಿದ್ದು. ಬಹುಮಾನದ ಪರಿಶೀಲನೆಗೆ ಬಂದ ಹೆಂಗಸು ಸಣ್ಣ ಟಾರ್ಚು ಬಿಟ್ಟು ಮೆಟ್ಟಿಲು, ಮುಚ್ಚಳ, ಹಿಡಿಕೆ ಎಲ್ಲ ನೋಡಿದಳು. "ಈ ಹಳತು ಮಾಡಿರೋದು ಯಾರು?" ಅಂತ ಕೇಳಿದಳು.

ನನ್ನ ಬಾಯಿ ಆಗಲೇ ತೆರೆದಿತ್ತು. ಯಾಕೋ ಮುಚ್ಚಿಕೊಂಡೆ. ಗಂಟಲು ಒಣಗಿತ್ತೇನೋ.

"ನಾವಿಬ್ಬರೂ" ಅಂದರು ಇವರು. "ಬಣ್ಣ ಇವಳದ್ದು. ಅದನ್ನ ಕೆಡಿಸಿದ್ದು ನಾನು."

"ಹೇಗೆ ಮಾಡಿದ್ರಿ? ಉಜ್ಜಿದ್ದರೆ ಹೀಗೆ ಬರಲ್ಲ."

ಇವರು ಮೇಜಿನ ಅಡಿಯಲ್ಲಿದ್ದ ಸಾಮಾನಿನ ಚೀಲದಿಂದ ಬ್ರಷ್ಷು ತೆಗೆದರು. ಅದೇ ಬಣ್ಣ ಹೊಡೆದು ಉಳಿದಿದ್ದ ಹಳೇ ತುಂಡೊಂದರ ಮೇಲೆ ಮಾಡಿ ತೋರಿಸಿದರು. ಟಕಟಕಟಕ. ಮಕ್ಕಳೆಲ್ಲ ಮುಂದೆ ನುಗ್ಗಿದವು. ಒಂದು ಪುಟ್ಟ ಹುಡುಗಿ ಮೇಜಿನ ಅಂಚಿಗೆ ಗಲ್ಲ ಇಟ್ಟುಕೊಂಡು ಕೇಳಿಯೇಬಿಟ್ಟಳು. "ನಿಮ್ಮ ಕೈ ಯಾಕೆ ಹಾಗೆ ಆಡುತ್ತೆ?"

ಅವಳ ಅಮ್ಮ "ಶ್" ಅಂದಳು.

"ಒಳಗೆ ಎಂಜಿನ್ ಇದೆ, ಆಫ್ ಮಾಡೋಕೆ ಬರಲ್ಲ. ಮುಟ್ಟಿ ನೋಡ್ತೀಯಾ?" ಅಂದರು ಇವರು. ಅವಳು ಮುಟ್ಟಿ ನೋಡಿ "ಹೌದು!" ಅಂತ ಕೂಗಿದಳು. ಆಮೇಲೆ ಮಕ್ಕಳೆಲ್ಲ ಸಾಲು ನಿಂತವು, ಎಂಜಿನ್ ಮುಟ್ಟಿ, ಒಂದು ಚೂರು ಬಣ್ಣ ಎಬ್ಬಿಸಿ ಹೋಗಲು. ಇಡೀ ಮಧ್ಯಾಹ್ನ ಇವರು ನಿಂತೇ ಇದ್ದರು. ಒಂದು ಕೈಯಿಂದ ತುಕ್ಕಿನ ಪುಡಿ ಉದುರಿಸುವುದು, ಇನ್ನೊಂದರಿಂದ ಕುಟ್ಟುವುದು. ನಾನು ಅಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಟೀ ಕುಡಿದೆ.

ಬಹುಮಾನ ಒಂದು ವಿಮಾನಕ್ಕೆ ಬಂತು. ಮೈಮೇಲೆ ಒಂದು ಕಣ ದೂಳಿಲ್ಲ, ಈಗ ತಾನೆ ಫೇಶಿಯಲ್ ಮಾಡಿಸಿಕೊಂಡು ಬಂದ ಹಾಗಿದೆ! ಆ ಪರಿಶೀಲಕರ ಕಣ್ಣಿಗೆ ಏನಾಗಿದೆಯೋ! ನಾನು ಜಗಳಕ್ಕೆ ಹೊರಟಿದ್ದೆ, ರಿವೆಟ್ ಮಾಮ ತಡೆದರು.

ನಾಳೆ ವ್ಯಾನು.

ಜುಲೈ 21, ಸೋಮವಾರ

ಪಾರ್ಲರಿಗೆ ಸೋಮವಾರ ರಜೆ. ಬೆಳಿಗ್ಗೆ ವಾಷಿಂಗ್ ಮೆಷಿನ್ನಿಗೆ ವಾರದ ಬಿಳಿ ಟವೆಲ್ಲು, ಜೊತೆಗೆ ಇವರ ನಿನ್ನೆಯ ಪ್ಯಾಂಟನ್ನೂ ಎಸೆದೆ. ಬಿಳಿ ಬಟ್ಟೆ ಜೊತೆ ಬಣ್ಣದ್ದು ಹಾಕುವವಳಲ್ಲ ನಾನು, ಆದರೆ ನನ್ನ ಗಮನವೆಲ್ಲ ಬೀದಿಯ ಕಡೆಗಿತ್ತು.

ಕೆಸರಪ್ಪ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಹಾರ್ನು ಕೂಡ ಹೊಡೆಯಲಿಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ನಿಂತ. ಇವರು ಬೀರು ತೆರೆದುಕೊಂಡು, ಅದರೊಳಗೆ ಅರ್ಧ ತೂರಿಕೊಂಡು ಏನೋ ಹುಡುಕುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತೆ.

"ಏನೋ ಇಷ್ಟು ಬೆಳಿಗ್ಗೆ?" ಅಂದರು ಇವರು.

ಕೆಸರಪ್ಪ ವ್ಯಾನಿನ ಕೀಲಿ ತೋರಿಸಿದ. "ಅದೇ ಅಣ್ಣಾ... ವ್ಯಾನ್ ತಗೊಂಡು ಬಾ ಅಂದಿದ್ರಲ್ಲ."

"ಯಾಕೆ?"

ಕೆಸರಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇವರು ಬೀರುವಿನಿಂದ ಒಂದು ದೊಡ್ಡ ಡಬ್ಬಿ ಎಳೆದು ಹೊರಗೆ ಬಂದರು, ಕೂದಲ ಮೇಲೆ ಜೇಡರ ಬಲೆ. "ಬಂದಿದ್ದು ಒಳ್ಳೇದೇ ಆಯ್ತು. ಆ ಬೀರು ಸ್ವಲ್ಪ ಎಳಿ, ಹಿಂದೆ ಇನ್ನೊಂದು ಡಬ್ಬಿ ಬಿದ್ದಿದೆ. ಕೈ ಸಿಗ್ತಾ ಇಲ್ಲ." ಕೆಸರಪ್ಪ ಹೋ ಅಂತ ನಕ್ಕು ಬೀರುವನ್ನು ಅಪ್ಪಿಕೊಂಡೇ ಎಳೆದ. ಟವೆಲ್ಲಿಗೆ ಜಾಗ ಬೇರೆ ಎಲ್ಲಾದರೂ ಹುಡುಕುತ್ತೇನೆ, ಹಾಳಾಗಿ ಹೋಗಲಿ.

ಇಬ್ಬರೂ ನೆಲದ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದಾಗ ಮೆಷಿನ್ನು ನಿಂತಿತು. ಮುಚ್ಚಳ ತೆಗೆದೆ. ಅಯ್ಯೋ, ನನ್ನ ಬಿಳಿ ಟವೆಲ್ಲುಗಳು! ಒಂದೊಂದೂ ತುಕ್ಕು ಹಿಡಿದ ತಗಡಿನ ಬಣ್ಣ. ಅಲ್ಲಲ್ಲಿ ಗಾಢ, ಅಲ್ಲಲ್ಲಿ ತೆಳು, ಒಂದರ ಹಾಗೆ ಇನ್ನೊಂದಿಲ್ಲ. ಪ್ಯಾಂಟು ಎತ್ತಿ ಕೊಡವಿದರೆ ಬಲಜೇಬಿನಿಂದ ಆ ಗಿಡ್ಡ ಬ್ರಷ್ಷು ಬಿತ್ತು, ಹಿಂದೆಯೇ ಮುಚ್ಚಳ ಬಿಚ್ಚಿಹೋದ ತುಕ್ಕಿನ ಪುಡಿಯ ಡಬ್ಬಿ.

ಒದ್ದೆ ಪ್ಯಾಂಟು ಹಿಡಿದುಕೊಂಡೇ ಹೋಗಿ ಇವರ ಮುಂದೆ ನಿಂತೆ. "ಏನ್ರೀ ಇದು? ಇಂಥದ್ದನ್ನೆಲ್ಲ ಜೇಬಲ್ಲಿ ಇಟ್ಕೋತಾರಾ ಯಾರಾದ್ರೂ?"

ಇವರು ತಲೆ ಎತ್ತಲಿಲ್ಲ. ಕೈಯಲ್ಲಿ ಹೊಸ ಟ್ಯಾಂಕಿನ ಒಂದು ಚಕ್ರ ನಡುಗುತ್ತಿತ್ತು.

"ಇನ್ನೆಲ್ಲಿಡಲಿ? ಜೇಬು ಖಾಲಿ ಇತ್ತಲ್ಲ" ಅಂದರು.

ಖಾಲಿ ಇತ್ತಂತೆ! ನಾಳೆ ಹೋಗಿ ಹೊಸ ಟವೆಲ್ಲು ತರಬೇಕು.